ಮಳೆಗಲ್ಲದ ಕೊಡೆ

ಮಗನಿಗೆ ಮೊನ್ನೆ ಡ್ರೈವಿಂಗ್ ಲೈಸೆನ್ಸ್ ಬಂತು. ಹದಿನಾರು ವರ್ಷ ಅವನಿಗೆ. ಇವತ್ತು ಮೊದಲ ಸಲ ಒಬ್ಬನೇ ಕಾರು ತೆಗೆದುಕೊಂಡು ಹೋದ. ಫ್ರೀಮಾಂಟ್‌ನ ನಮ್ಮ ಬೀದಿಯ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದೆ. ಆಮೇಲೆ ಒಳಗೆ ಬಂದು ಇನ್ಶೂರೆನ್ಸ್ ಕಾಗದ ಹರಡಿಕೊಂಡು ಕೂತೆ.

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕಾರಿನಿಂದ ಇನ್ನೊಬ್ಬರಿಗೆ ಗಾಯವಾದರೆ, ಒಬ್ಬರಿಗೆ ಇಷ್ಟು ಅಂತ ಇರಲೇಬೇಕಾದ ಕನಿಷ್ಠ ಕವರೇಜ್ 15 ಸಾವಿರ ಡಾಲರ್ ಇತ್ತು. 2025ರ ಜನವರಿಯಿಂದ 30 ಸಾವಿರ. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ ಗೊತ್ತು, ಒಂದು ದೊಡ್ಡ ಆಪರೇಷನ್‌ಗೇ ಅದು ಸಾಲುವುದಿಲ್ಲ. ಉಳಿದ ಹಣಕ್ಕೆ ಗಾಯಗೊಂಡವರು ನಮ್ಮ ಮೇಲೆ ಕೇಸ್ ಹಾಕಿ ಗೆದ್ದರೆ, ಅದು ನಮ್ಮ ಉಳಿತಾಯದ, ಮುಂದಿನ ಸಂಬಳದ ತನಕ ಬರಬಹುದು.

ಅಂಬ್ರೆಲಾ ಪಾಲಿಸಿ ಅನ್ನುವುದು ಇದಕ್ಕೇ. ಕಾರು, ಮನೆ ಪಾಲಿಸಿಯ ಮಿತಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇದರ ಕೆಲಸ. ಸಾಮಾನ್ಯವಾಗಿ 10 ಲಕ್ಷ ಡಾಲರ್‌ನಿಂದ ಶುರು, ವರ್ಷಕ್ಕೆ ಕೆಲವು ನೂರು ಡಾಲರ್ ಪ್ರೀಮಿಯಂ. ಮನೆಯಲ್ಲಿ ಹೊಸ ಡ್ರೈವರ್ ಇದ್ದರೆ ಜಾಸ್ತಿ. ಅದಕ್ಕೂ ಮೊದಲು ಕಾರಿನ ಪಾಲಿಸಿಯ ಮಿತಿಯನ್ನೂ ಏರಿಸಬೇಕು.

ನಮ್ಮ ಗಾಯಕ್ಕೆ, ನಮ್ಮ ಕಾರಿಗೆ ಇದರಿಂದ ಏನೂ ಸಿಗುವುದಿಲ್ಲ. ನಮ್ಮಿಂದ ಇನ್ನೊಬ್ಬರಿಗೆ ಆದ ನೋವು, ನಷ್ಟಕ್ಕೆ ಮಾತ್ರ. ಆಸ್ತಿ ಉಳಿಸಿಕೊಳ್ಳೋಣ ಅಂತ ಓದಲು ಶುರು ಮಾಡಿದ್ದೆ. ಓದುತ್ತಾ ಓದುತ್ತಾ ಮನಸ್ಸು ಆ ಇನ್ನೊಬ್ಬರ ಕಡೆ ಹೋಯಿತು. ಅವರಿಗೂ ಒಂದು ಮನೆ ಇರುತ್ತದೆ, ಬಾಗಿಲಲ್ಲಿ ಕಾಯುವವರು ಇರುತ್ತಾರೆ, ಅಲ್ವಾ?

ನಾಳೆ ಏಜೆಂಟ್‌ಗೆ ಫೋನ್ ಮಾಡುತ್ತೇನೆ. ಮಗ ಈಗಷ್ಟೇ ಬಂದ. ಕಾರಿನ ಕೀ ಮೇಜಿನ ಮೇಲಿಟ್ಟು, "ಅಮ್ಮಾ, ಊಟ ಏನಿದೆ?" ಅಂದ.