ಕೆರೆ ಅಂಗಳದ ಗೋಲು

ಸಂಕ್ರಾಂತಿಗೆ ಮನೆಗೆ ಹೊಡೆದು ಉಳಿದ ಸುಣ್ಣ ಒಂದು ಎಣ್ಣೆ ಡಬ್ಬದಲ್ಲಿತ್ತು. ಅದಿಲ್ಲದಿದ್ದರೆ ನಾವು ಆ ಪಂದ್ಯ ಗೆಲ್ಲುತ್ತಿರಲಿಲ್ಲ. ಕಾಲೇಜು ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಆ ಡಬ್ಬ.

2003ರ ಜನವರಿ. ಹಬ್ಬ ಕಳೆದು ಬಂದ ಮೊದಲ ಭಾನುವಾರ. ಕೋಲಾರದ ನಾವು ಹನ್ನೊಂದು ಹುಡುಗರು ಕೆ.ಜಿ.ಎಫ್.ನ ಒಂದು ತಂಡವನ್ನು 2–1ರಲ್ಲಿ ಸೋಲಿಸಿದೆವು. ಕಪ್ ಇರಲಿಲ್ಲ, ಬಹುಮಾನ ಇರಲಿಲ್ಲ, ಪೇಪರಿನವರು ಯಾರೂ ಬಂದಿರಲಿಲ್ಲ. ಆದರೂ ಕಾಲೇಜಿನ ಮೂರು ವರ್ಷದಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ.

ನಾವೆಲ್ಲ ಕ್ರಿಕೆಟ್ ಹುಡುಗರು. ನಮಗೆ ಫುಟ್‌ಬಾಲ್ ಹಚ್ಚಿದವನು ಕೆ.ಜಿ.ಎಫ್.ನ ಚಾಂಪಿಯನ್ ರೀಫ್‌ನಿಂದ ಬಂದ ಒಬ್ಬ ಹುಡುಗ. ಅವನ ಹೆಸರನ್ನು ನಾವು ಯಾರೂ ಕರೆಯಲೇ ಇಲ್ಲ, ರೀಫ್ ಅಂತಲೇ ಕರೆಯುತ್ತಿದ್ದೆವು. ದಿನಾ ಕೆ.ಜಿ.ಎಫ್.ನಿಂದ ಬಂಗಾರಪೇಟೆ ಮೇಲೆ ಬಸ್ಸಿನಲ್ಲಿ ಬರುತ್ತಿದ್ದ. ಸುಮಾರು 30 ಕಿಲೋಮೀಟರ್. ಮೊದಲ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಚೆಂಡು ತಂದಿದ್ದ. ತರಗತಿಯಲ್ಲಿ ಅದನ್ನು ಬೆಂಚಿನ ಕೆಳಗೆ ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತಿರುತ್ತಿದ್ದ. ಮೇಷ್ಟ್ರು ಪಾಠ ಮಾಡುವಾಗಲೂ ಆ ಚೆಂಡು ಅತ್ತಿತ್ತ ಅಲ್ಲಾಡುತ್ತಿರುತ್ತಿತ್ತು.

ಅವನ ಊರಿನ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಚಿನ್ನ ತೆಗೆಯಲು ಶುರು ಮಾಡಿದ್ದು, 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂದದ್ದು, ಎಲ್ಲ ಹೇಳುತ್ತಿದ್ದ. ‘ಬೆಂಗಳೂರಿಗಿಂತ ಮೊದಲು ನಮ್ಮೂರಲ್ಲಿ ದೀಪ ಉರೀತು ಕಣೋ’ ಅನ್ನುವಾಗ ಅವನ ಮುಖ ನೋಡಬೇಕಿತ್ತು. ಗಣಿಯ ಜೊತೆ ಬಂದ ಬ್ರಿಟಿಷರು ಆಟವನ್ನೂ ತಂದರು. ಅವರು ಹೋದರು, ಆಟ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಉಳಿಯಿತು. ಅಲ್ಲಿನ ಮಕ್ಕಳು ನಡೆಯಲು ಕಲಿತ ಮೇಲೆ ಮೊದಲು ಕಲಿಯುವುದೇ ಒದೆಯೋದು ಅಂತ ಅವನು ಹೇಳುತ್ತಿದ್ದ.

ಅವನ ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗುವ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ರೀಫ್ ನಮ್ಮ ಕಾಲೇಜಿಗೆ ಸೇರಿದ್ದು ಅದೇ ವರ್ಷ ಜೂನ್‌ನಲ್ಲಿ. ಮನೆಯ ವಿಷಯ ಅವನು ಜಾಸ್ತಿ ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ ಹೇಳಿದ: ‘ಅಪ್ಪ ಈಗಲೂ ಶಿಫ್ಟ್ ಟೈಮಿಗೆ ಎದ್ದು ಸ್ನಾನ ಮಾಡಿ ಬಾಗಿಲಲ್ಲಿ ಕೂತ್ಕೋತಾರೆ.’ ಅಷ್ಟು ಹೇಳಿ ಚೆಂಡು ತಗೊಂಡು ಎದ್ದುಹೋದ.

ನಾವು ಆಡುತ್ತಿದ್ದದ್ದು ಊರಾಚೆಯ ಒಂದು ಕೆರೆ ಅಂಗಳದಲ್ಲಿ. ಆಗ ಬರಗಾಲ. ಕೆರೆಯಲ್ಲಿ ಹನಿ ನೀರಿರಲಿಲ್ಲ. ಗೋಡುಮಣ್ಣು ಒಣಗಿ ಬಿರುಕು ಬಿಟ್ಟು, ಮೇಲೆ ಒಂದು ಪದರ ಧೂಳು. ಅಂಚಿನಲ್ಲೆಲ್ಲ ಜಾಲಿ ಬೆಳೆದಿತ್ತು. ಅದರ ಮುಳ್ಳು ಚೆಂಡಿಗೆ ಚುಚ್ಚಿದರೆ ಆವತ್ತಿನ ಆಟ ಮುಗಿದ ಹಾಗೆ. ಹಾಗಾಗಿ ರೀಫ್ ಒಂದು ಪದ್ಧತಿ ಮಾಡಿದ. ಆಟಕ್ಕೆ ಮೊದಲು ಎಲ್ಲರೂ ಒಂದು ಸಾಲಿನಲ್ಲಿ ನಿಲ್ಲಬೇಕು. ಬಗ್ಗಿ ಮುಳ್ಳು ಆರಿಸುತ್ತಾ ಆ ತುದಿಯಿಂದ ಈ ತುದಿಗೆ ಬರಬೇಕು. ಹೊಲದಲ್ಲಿ ಕಳೆ ಕೀಳುವ ಹಾಗೆ. ಅಷ್ಟಾದ ಮೇಲೂ ವಾರಕ್ಕೊಮ್ಮೆ ಸೈಕಲ್ ಶಾಪಿನ ಸಾಬರ ಹತ್ತಿರ ಪಂಕ್ಚರ್ ಹಾಕಿಸಲು ಹೋಗುತ್ತಿದ್ದೆವು. ಅವರು ನಮ್ಮಿಂದ ದುಡ್ಡು ತಗೊಂಡಿದ್ದು ನನಗೆ ನೆನಪಿಲ್ಲ.

ಆ ಕೆರೆ ಪಕ್ಕದ ಹಳ್ಳಿಯವನು ನಮ್ಮ ತಂಡದ ಹನ್ನೆರಡನೆಯವನು. ಓಡಿದರೆ ಉಬ್ಬಸ ಬರುತ್ತಿತ್ತು, ಆದ್ದರಿಂದ ಆಡುತ್ತಿರಲಿಲ್ಲ. ಆದರೆ ಆಟಕ್ಕೆ ಬೇಕಾದ್ದೆಲ್ಲ ಅವನೇ ಒದಗಿಸುತ್ತಿದ್ದ. ಅವರ ತೋಟದ ನೀಲಗಿರಿ ಮರಗಳಲ್ಲಿ ನೆಟ್ಟಗಿದ್ದ ನಾಲ್ಕು ಕಡಿದು ತಂದು ಕಂಬ ನೆಟ್ಟ. ಅಗಲ 24 ಅಡಿ, ಎತ್ತರ 8 ಅಡಿ. ಟೇಪಿನಲ್ಲಿ ಅಳೆದೇ ನೆಟ್ಟಿದ್ದ. ಮೇಲಿನ ಪಟ್ಟಿಗೆ ಅಷ್ಟುದ್ದದ ಮರ ಸಿಗಲಿಲ್ಲ, ಎತ್ತಿನ ಹಗ್ಗ ಬಿಗಿದ. ಬಲೆ ಮಾತ್ರ ಇರಲಿಲ್ಲ.

2002ರ ಜೂನ್‌ನಲ್ಲಿ ಜಪಾನ್ ಮತ್ತು ಕೊರಿಯಾದಲ್ಲಿ ವಿಶ್ವಕಪ್ ನಡೆಯಿತು. ನಮಗೆ ಮಧ್ಯಾಹ್ನ, ಸಂಜೆ ಹೊತ್ತಿಗೇ ಮ್ಯಾಚ್. ಹಾಸ್ಟೆಲಿನ ಟಿ.ವಿ. ಮುಂದೆ ಇಡೀ ತಂಡ ಕೂತಿರುತ್ತಿತ್ತು. ಫೈನಲ್‌ನಲ್ಲಿ ರೊನಾಲ್ಡೊ ಎರಡು ಗೋಲು ಹೊಡೆದ. ಎಲ್ಲ ಮುಗಿದ ಮೇಲೆ ಜರ್ಮನಿಯ ಗೋಲ್‌ಕೀಪರ್ ಒಲಿವರ್ ಕಾನ್ ಕಂಬಕ್ಕೆ ಒರಗಿ ಒಬ್ಬನೇ ಕೂತ. ನಾವು ಬ್ರೆಜಿಲ್ ಅಂತ ಕುಣಿಯುತ್ತಿದ್ದರೆ ರೀಫ್ ಸುಮ್ನೆ ಕಾನ್‌ನನ್ನೇ ನೋಡುತ್ತಿದ್ದ. ‘ಗೋಲ್‌ಕೀಪರ್‌ಗೆ ಕಂಬ ಒಂದೇ ಕಣೋ ಜೊತೆಗಾರ’ ಅಂದ.

ಆಮೇಲೆ ಆರು ತಿಂಗಳು ನಮ್ಮನ್ನು ಬಿಡದೆ ತಯಾರು ಮಾಡಿದ. ಚೆಂಡು ಬಂದಾಗ ಒದೆಯಬೇಡ, ಮೊದಲು ನಿಲ್ಲಿಸು. ಪಾದದ ಒಳಬದಿಯಿಂದ ಕೊಡು. ಕೊಟ್ಟವನು ನಿಲ್ಲಬೇಡ, ಓಡು. ನಾನು ರೈಟ್ ಬ್ಯಾಕ್. ನನಗೆ ಅವನು ಹೇಳಿಕೊಟ್ಟಿದ್ದು ಒಂದೇ: ಎದುರಾಳಿಯ ಕಾಲು ನೋಡಬೇಡ, ಸೊಂಟ ನೋಡು. ಕಾಲು ಮೋಸ ಮಾಡುತ್ತೆ, ಸೊಂಟ ಹೋಗುವ ಕಡೆಗೇ ತಿರುಗುತ್ತೆ. ಈಗ ನನ್ನ ಮಗಳಿಗೂ ಅದನ್ನೇ ಹೇಳಿಕೊಡುತ್ತಿದ್ದೇನೆ.

ಪಂದ್ಯಕ್ಕೆ ಕರೆದಿದ್ದು ರೀಫೇ, ಬಂದಿದ್ದು ಅವನ ಲೈನಿನ ತಂಡ. ಹಿಂದಿನ ದಿನ ಅವರು ‘ನಮ್ಮ ಕಡೆ ಆಡೋ’ ಅಂತ ಕೇಳಿದ್ದರಂತೆ. ‘ಇಲ್ಲ, ಅವರು ನನ್ನ ಹುಡುಗರು’ ಅಂದನಂತೆ. ಅವರ ಗೋಲ್‌ಕೀಪರ್‌ಗೆ ನಲವತ್ತರ ಮೇಲೆ ವಯಸ್ಸು. ರೀಫ್‌ನ ಅಪ್ಪನ ಜೊತೆ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿಯುತ್ತಿದ್ದವರು. ರೀಫ್‌ಗೆ ಚಿಕ್ಕಂದಿನಲ್ಲಿ ಆಟ ಹೇಳಿಕೊಟ್ಟವರೂ ಅವರೇ. ಅವರನ್ನು ಅವನು ಮಾಮ ಅನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ಸಿಕ್ಕಾಪಟ್ಟೆ ಚಳಿ. ಏರಿ ಮೇಲೆ ಮಂಜು. ನಾವು ಹೋಗುವಷ್ಟರಲ್ಲಿ ಹನ್ನೆರಡನೆಯವನು ಕತ್ತಾಳೆ ನಾರಿನ ಕುಂಚ ಹಿಡಿದು ಕಂಬಕ್ಕೆ ಸುಣ್ಣ ಹೊಡೆಯುತ್ತಿದ್ದ. ‘ಧೂಳಲ್ಲಿ ಕಂಬ ಕಾಣಲ್ಲ, ಬೆಳ್ಳಗಿರಲಿ’ ಅಂದ. ಒಂದೊಂದು ಕಂಬದ ಸುತ್ತಲೂ, ಕೆಳಗಿನಿಂದ ಹಗ್ಗದವರೆಗೂ, ಒಂದು ಬೆರಳಷ್ಟು ಜಾಗ ಬಿಡದೆ ಹೊಡೆದ. ಅಂಟು ಹಾಕದ ಬರೀ ಸುಣ್ಣ. ಒಣಗಿದ ಮೇಲೂ ಮುಟ್ಟಿದರೆ ಕೈಗೆ ಬರುತ್ತಿತ್ತು.

ಅರ್ಧಕ್ಕೆ 35 ನಿಮಿಷ ಅಂತ ಮಾತಾಯಿತು. ಸೀಟಿ ಹಿಡಿದವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು.

ಹತ್ತು ನಿಮಿಷದೊಳಗೆ ಅವರು ಗೋಲು ಹೊಡೆದರು. ಕಾರ್ನರ್‌ನಿಂದ ಬಂದ ಚೆಂಡಿಗೆ ಒಬ್ಬ ಎಗರಿ ತಲೆ ಕೊಟ್ಟ. ಚೆಂಡು ಒಳಗೆ ಹೋದಾಗ ನಾವಿನ್ನೂ ಮೇಲೆ ನೋಡುತ್ತಿದ್ದೆವು. ಅವರ ಆಟ ನೋಡುವುದಕ್ಕೇ ಚೆಂದ. ಬಾಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಸೇರಿ ಬರುತ್ತಿತ್ತು, ಕಾಲಲ್ಲಿ ಚೆಂಡು ಒಂದೇ ಸಮ ಓಡುತ್ತಿತ್ತು. ಮೊದಲರ್ಧ ಮುಗಿಯುವ ಮುಂಚೆ ರೀಫ್ ಫ್ರೀಕಿಕ್‌ನಲ್ಲಿ ಸಮ ಮಾಡಿದ. ಗೋಡೆಯಂತೆ ನಿಂತವರ ಮೇಲಿಂದ ಹೋಗಿ ಹಗ್ಗದ ಕೆಳಗೆ ಇಳಿಯಿತು. ಮಾಮ ಕದಲಲಿಲ್ಲ. ಸುಮ್ಮನೆ ರೀಫ್ ಕಡೆ ನೋಡಿ ತಲೆ ಆಡಿಸಿದರು.

ಎರಡನೇ ಅರ್ಧದಲ್ಲಿ ಗಾಳಿ ಎದ್ದಿತು. ಗಾಳಿ ಎದ್ದರೆ ಕೆರೆ ಅಂಗಳದಲ್ಲಿ ಧೂಳು ಗೋಡೆ ಕಟ್ಟುತ್ತೆ. ಮುಗಿಯಲು ಹತ್ತು ನಿಮಿಷ ಇರಬೇಕು, ರೀಫ್ ನಡುವಿನಿಂದ ಎಡಕ್ಕೆ ಒಂದು ಪಾಸ್ ಕೊಟ್ಟ. ಅಲ್ಲಿದ್ದವನು ಶ್ರೀನಿವಾಸಪುರ ಕಡೆಯ ಹುಡುಗ, ಬೂಟಿಲ್ಲದೆ ಬರಿಗಾಲಲ್ಲಿ ಆಡುವವನು. ಓಡುತ್ತಲೇ ಎಡಗಾಲಲ್ಲಿ ಬಾರಿಸಿದ. ದೂರದಲ್ಲಿದ್ದ ನನಗೆ ಕಂಡದ್ದು ಧೂಳು ಮಾತ್ರ. ‘ಟಪ್’ ಅಂತ ಸದ್ದು ಕೇಳಿತು. ಧೂಳು ಇಳಿದಾಗ ಚೆಂಡು ಕಂಬದ ಹಿಂದೆ, ಜಾಲಿ ಬುಡದಲ್ಲಿ ಬಿದ್ದಿತ್ತು.

ಗೋಲು ಅಂತ ನಾವು ಕೂಗಿದೆವು. ಹೊರಗೆ ಹೋಯಿತು ಅಂತ ಅವರು ಕೂಗಿದರು. ಬಲೆ ಇಲ್ಲವಲ್ಲ, ಹೇಳುವವರು ಯಾರು? ಎಲ್ಲರೂ ಮೇಷ್ಟ್ರ ಸುತ್ತ ಸೇರಿದರು. ಒಬ್ಬರ ಎದೆ ಒಬ್ಬರು ತಳ್ಳುವ ಮಟ್ಟಕ್ಕೆ ಬಂತು. ಮೇಷ್ಟ್ರು ಹೇಳಿದ್ದು ಇಷ್ಟೇ: ‘ನನಗೆ ಕಾಣಲಿಲ್ಲ. ಕಾಣದ್ದನ್ನ ನಾನು ಕೊಡಲ್ಲ.’ ಅವರು ನಮ್ಮ ಮೇಷ್ಟ್ರು. ನಮಗೆ ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ಆ ಕ್ಷಣ ನನಗೆ ಸಿಟ್ಟು ಬಂದಿತ್ತು. ಇವತ್ತು ಅವರ ಬಗ್ಗೆ ನನಗಿರುವ ಗೌರವಕ್ಕೆ ಆ ಒಂದು ಮಾತು ಸಾಕು.

ಆಗ ಮಾಮ ಗೋಲಿನಿಂದ ಕೂಗಿದರು. ‘ಸಾರ್, ಇಲ್ಲಿ ಬನ್ನಿ.’

ಎಲ್ಲರೂ ಹೋದೆವು. ಅವರು ಎಡಗಡೆ ಕಂಬದ ಹತ್ತಿರ ಮಂಡಿಯೂರಿ ಕೂತಿದ್ದರು. ಕಂಬದ ಒಳಬದಿಯಲ್ಲಿ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಂಗೈ ಅಗಲ ಸುಣ್ಣ ಹೋಗಿತ್ತು. ಕೆಳಗಿನ ನೀಲಗಿರಿಯ ಬೂದು ತೊಗಟೆ ಕಾಣುತ್ತಿತ್ತು. ಹೊರಬದಿ ಪೂರ್ತಿ ಬೆಳ್ಳಗೆ, ಒಂದು ಗೀರೂ ಇಲ್ಲ. ಮಾಮ ಚೆಂಡು ತರಿಸಿದರು. ತಿರುಗಿಸಿದರು. ಒಂದು ಕಡೆ ಬಿಳಿ ಮೆತ್ತಿಕೊಂಡಿತ್ತು. ಹೆಬ್ಬೆರಳಿನಿಂದ ಉಜ್ಜಿ ಮೇಷ್ಟ್ರಿಗೆ ತೋರಿಸಿದರು. ಗಣಿಯಲ್ಲಿ ದುಡಿದ ಬೆರಳು, ಉಗುರು ಒಡೆದಿತ್ತು. ಅದರ ತುದಿಯಲ್ಲಿ ಸುಣ್ಣ.

‘ಒಳಗಡೆ ತಾಗಿ ಹಿಂದಕ್ಕೆ ಹೋಗಿದೆ ಸಾರ್. ಗೋಲೇ.’

ಅವರ ತಂಡದ ಒಬ್ಬ ಹುಡುಗ ತಮಿಳಿನಲ್ಲಿ ಏನೋ ಸಿಟ್ಟಿನಿಂದ ಹೇಳಿದ. ಮಾಮ ಅವನ ಕಡೆ ಒಂದು ಸಲ ನೋಡಿದರು. ಅವನು ತಲೆ ತಗ್ಗಿಸಿ ನಡುಗೆರೆ ಕಡೆ ಹೊರಟ. ಮೇಷ್ಟ್ರು ಸೀಟಿ ಊದಿದರು.

ಕೊನೆಯ ಹತ್ತು ನಿಮಿಷ ಚೆಂಡು ನಮ್ಮ ಅರ್ಧ ಬಿಟ್ಟು ಹೋಗಲಿಲ್ಲ. ನಮ್ಮ ಗೋಲ್‌ಕೀಪರ್ ಎರಡು ಚೆಂಡು ತಡೆದ, ಒಂದನ್ನು ಮುಖದಿಂದ. ಇನ್ನೊಂದು ಅವನನ್ನೂ ದಾಟಿತು. ಗೆರೆಯ ಮೇಲೆ ನಾನಿದ್ದೆ. ಬಂದವನ ಸೊಂಟ ನೋಡಿದ್ದೆ, ಯಾವ ಕಡೆ ಹೊಡೆಯುತ್ತಾನೆ ಅಂತ ಗೊತ್ತಿತ್ತು. ಚೆಂಡು ತೊಡೆಗೆ ಬಡಿದು ಹೊರಗೆ ಹಾರಿತು. ವಾರವಿಡೀ ಅಲ್ಲಿ ನೀಲಿ ಗುರುತಿತ್ತು.

ಪಂದ್ಯ ಮುಗಿದ ಮೇಲೆ ರೀಫ್ ನಮ್ಮ ಹತ್ತಿರ ಬರಲಿಲ್ಲ. ನೇರ ಹೋಗಿ ಮಾಮನ ಕಾಲು ಮುಟ್ಟಿದ. ಅವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಇಬ್ಬರೂ ಬಹಳ ಹೊತ್ತು ಅಲ್ಲೇ ಕಂಬಕ್ಕೆ ಒರಗಿ ಕೂತರು. ಏನು ಮಾತಾಡಿದರು ಅಂತ ನಾನು ಯಾವತ್ತೂ ಕೇಳಿಲ್ಲ. ಎದ್ದಾಗ ಇಬ್ಬರ ಬೆನ್ನ ಮೇಲೂ ಬಿಳಿ ಪಟ್ಟಿ.

ಹನ್ನೆರಡನೆಯವನ ಮನೆಯಿಂದ ಊಟ ಬಂತು. ಅವರೆಕಾಯಿ ಕಾಲವಲ್ವಾ, ಹಿತಕಿದ ಬೇಳೆ ಸಾರು, ರಾಗಿ ಮುದ್ದೆ. ಎರಡೂ ತಂಡ ಏರಿ ಮೇಲಿನ ಹೊಂಗೆ ಮರದ ಕೆಳಗೆ ಸಾಲಾಗಿ ಕೂತೆವು. ಅವನ ಅಮ್ಮ ಮಾಮನಿಗೆ ಮೂರನೇ ಮುದ್ದೆ ಬಡಿಸಿದರು, ಅವರು ಬೇಡ ಅನ್ನಲಿಲ್ಲ.

ಈಗ ಆ ಕೆರೆಯಲ್ಲಿ ನೀರಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. ಒಂದು ತುಂಬಿ ಇನ್ನೊಂದಕ್ಕೆ ಹರಿದು, ನಮ್ಮ ಅಂಗಳಕ್ಕೂ ಬಂತು. ಮಾಮ ಈಗಿಲ್ಲ. ರೀಫ್ ಮಾರಿಕುಪ್ಪಂನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಹನ್ನೆರಡನೆಯವನು ಟೊಮೆಟೊ ಬೆಳೆಯುತ್ತಾನೆ. 2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಕಪ್ ಸಂತೋಷ್ ಟ್ರೋಫಿ ಗೆದ್ದ ರಾತ್ರಿ ಇಬ್ಬರೂ ನನಗೆ ಫೋನ್ ಮಾಡಿದ್ದರು. ಮೇಘಾಲಯದ ಮೇಲೆ 3–2. ‘ಒಂದೇ ಗೋಲಿನ ಗೆಲುವು, ನಮ್ಮ ಥರಾನೇ’ ಅಂದ ರೀಫ್.

ಹೋದ ದಸರಾ ರಜೆಯಲ್ಲಿ ಮೂವರೂ ಏರಿ ಮೇಲೆ ಸೇರಿದ್ದೆವು. ಮುಳುಗಿ ಒಣಗಿದ ಜಾಲಿ ಮರಗಳ ತುದಿ ನೀರಿನ ಮೇಲೆ ಕಾಣುತ್ತಿತ್ತು. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದವು. ಆ ಎರಡನೇ ಮರದ ಎಡಕ್ಕೆ ಕಂಬ ಇತ್ತು ಅಂತ ರೀಫ್. ಅಲ್ಲ, ಬಲಕ್ಕೆ, ನೆಟ್ಟವನು ನಾನು ಅಂತ ಹನ್ನೆರಡನೆಯವನು. ರೀಫ್ ಒಂದು ಕಲ್ಲು ಎತ್ತಿ ಎಸೆದ. ಹಕ್ಕಿಗಳು ಎದ್ದು ಹಾರಿದವು. ‘ಒಳಗೆ’ ಅಂದ. ‘ಹೊರಗೆ’ ಅಂದ ಇವನು, ಬಗ್ಗಿ ತಾನೂ ಒಂದು ಕಲ್ಲು ಹುಡುಕತೊಡಗಿದ.