ರಾಜ್ಯೋತ್ಸವ ಸಂಚಿಕೆಯೂ ಕ್ಷಿಪಣಿಯೂ

1999ರಲ್ಲಿ ನಾನು ಚಾಮರಾಜಪೇಟೆಯ ಒಂದು ಡಿಟಿಪಿ ಕೇಂದ್ರದಲ್ಲಿ ಬಣ್ಣದ ಪುಟಗಳ ಕೆಲಸ ನೋಡಿಕೊಳ್ಳುತ್ತಿದ್ದೆ. ಪುಟ ಕಟ್ಟಿ, ನಾಲ್ಕು ಬಣ್ಣಗಳಾಗಿ ಬೇರ್ಪಡಿಸಿ, ಫಿಲ್ಮ್ ತೆಗೆದು ಸುತ್ತಲಿನ ಮುದ್ರಣಾಲಯಗಳಿಗೆ ಕೊಡುವುದು ನಮ್ಮ ಕಸುಬು. ಲಗ್ನಪತ್ರಿಕೆ, ಕ್ಯಾಲೆಂಡರ್, ಊದುಬತ್ತಿಯ ಪೊಟ್ಟಣ, ವರ್ಷಕ್ಕೊಮ್ಮೆ ದೀಪಾವಳಿ ವಿಶೇಷಾಂಕ. ನಮ್ಮ ಹಳೆಯ ಮ್ಯಾಕಿಂತಾಷ್‌ನಲ್ಲಿ ಮುಖಪುಟದ ಚಿತ್ರಕ್ಕೆ ಫೋಟೋಶಾಪ್‌ನ ಫಿಲ್ಟರ್ ಹಾಕಿದರೆ, ಪರದೆಯ ಮೇಲಿನ ಪಟ್ಟಿ ಎಡದಿಂದ ಬಲಕ್ಕೆ ತೆವಳಿ ಮುಗಿಯುವಷ್ಟರಲ್ಲಿ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಫಲಿತಾಂಶ ಹಿಡಿಸದಿದ್ದರೆ ಇನ್ನೊಂದು ಕಾಫಿ.

ಆ ಆಗಸ್ಟ್ ಕೊನೆಯಲ್ಲಿ ಆಪಲ್ ಕಂಪನಿ ಪವರ್ ಮ್ಯಾಕ್ ಜಿ4 ಘೋಷಿಸಿತು. ನಾಲ್ಕು ಸಂಖ್ಯೆಗಳನ್ನು ಒಂದೇ ಏಟಿಗೆ ಗುಣಿಸಿ ಕೂಡುವ ವಿಶೇಷ ಭಾಗವೊಂದು ಅದರ ಚಿಪ್‌ನಲ್ಲಿತ್ತು. ಸೆಕೆಂಡಿಗೆ ನೂರು ಕೋಟಿಗೂ ಮೀರಿ ದಶಮಾಂಶದ ಲೆಕ್ಕ ಮಾಡುತ್ತದೆ ಎಂದರು. ನಮಗೆ ಅದರ ಅರ್ಥ ಒಂದೇ: ಫಿಲ್ಟರ್ ಬೇಗ ಮುಗಿಯುತ್ತದೆ. ಆ ವರ್ಷ ರಾಜ್ಯೋತ್ಸವವೂ ದೀಪಾವಳಿಯೂ ಒಂದು ವಾರದೊಳಗೆ ಬಂದಿದ್ದವು. ಯಜಮಾನರು ಬ್ಯಾಂಕಿನಲ್ಲಿ ಸಾಲ ಎತ್ತಿ, ಹಬ್ಬಕ್ಕೆ ಮುಂಚೆ ಯಂತ್ರ ಬರಲೇಬೇಕು ಎಂದು ಮುಂಗಡ ಕೊಟ್ಟರು.

ಆದರೆ ಅಮೆರಿಕದ ರಫ್ತು ಕಾನೂನಿಗೆ ಅದೇ ವೇಗ ಬೇರೆಯಾಗಿ ಕಂಡಿತ್ತು. ಅಲ್ಲಿನ ಸರ್ಕಾರ ದೇಶಗಳನ್ನು ಶ್ರೇಣಿಗಳಾಗಿ ವಿಂಗಡಿಸಿತ್ತು. ಭಾರತ, ಪಾಕಿಸ್ತಾನ, ಚೀನಾ, ರಷ್ಯಾ, ಇಸ್ರೇಲ್ ಮೂರನೆಯ ಶ್ರೇಣಿಯಲ್ಲಿದ್ದವು. ಈ ದೇಶಗಳಿಗೆ ಸೆಕೆಂಡಿಗೆ 200 ಕೋಟಿ ಸೈದ್ಧಾಂತಿಕ ಲೆಕ್ಕಗಳ (ಇದು ಆಪಲ್ ಹೇಳಿದ ದಶಮಾಂಶದ ಲೆಕ್ಕವಲ್ಲ, ಕಾನೂನಿನದೇ ಬೇರೆ ಅಳತೆ) ಗೆರೆ ಮೀರಿದ ಕಂಪ್ಯೂಟರ್ ಕಳಿಸಬೇಕಾದರೆ ಮೊದಲು ಸರ್ಕಾರಕ್ಕೆ ತಿಳಿಸಬೇಕಿತ್ತು. ಸೂಪರ್ ಕಂಪ್ಯೂಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಗೆರೆಯನ್ನು ಮೇಜಿನ ಕೆಳಗಿಡುವ ಡಬ್ಬಿಯೊಂದು ದಾಟಿಬಿಟ್ಟಿತ್ತು. ಆಪಲ್ ಇದರಿಂದ ನಾಚಿಕೊಳ್ಳುವ ಬದಲು ಜಿ4 ಸುತ್ತ ಯುದ್ಧ ಟ್ಯಾಂಕುಗಳನ್ನು ನಿಲ್ಲಿಸಿ ಜಾಹೀರಾತು ಮಾಡಿತು: ನಮ್ಮ ಕಂಪ್ಯೂಟರ್ ಈಗ ಆಯುಧ! ಮಾರುವವರಿಗೆ ಅದು ಹೆಮ್ಮೆ. ಕೊಳ್ಳುವ ನಮಗೆ ಮಾತ್ರ ಒಂದು ಫಾರಂ.

ಫಾರಂ ತಂದವನು ಮಾರಾಟ ಸಂಸ್ಥೆಯ ಹುಡುಗ. ಟೈ ಕಟ್ಟಿದ್ದ, ಬೆವರುತ್ತಿದ್ದ. ಯಜಮಾನರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಈ ಯಂತ್ರವನ್ನು ಪರಮಾಣು ಅಸ್ತ್ರಕ್ಕಾಗಲಿ, ಕ್ಷಿಪಣಿಗಾಗಲಿ, ರಾಸಾಯನಿಕ ಅಥವಾ ಜೈವಿಕ ಅಸ್ತ್ರಕ್ಕಾಗಲಿ ಬಳಸುವುದಿಲ್ಲ ಎಂದು ಘೋಷಿಸಬೇಕು.

“ಕ್ಷಿಪಣಿ ಮಾಡುವಷ್ಟು ದುಡ್ಡಿದ್ದರೆ ಬ್ಯಾಂಕಿನ ಮ್ಯಾನೇಜರ್ ಮುಂದೆ ಯಾಕಪ್ಪ ಕೈಕಟ್ಟಿ ನಿಲ್ಲುತ್ತಿದ್ದೆ?” ಎಂದು ಸಹಿ ಹಾಕಿದರು.

ಕೆಳಗೆ ಇನ್ನೊಂದು ಕಲಂ ಇತ್ತು: ಮುಖ್ಯ ಗ್ರಾಹಕರು ಯಾರು? ಯಜಮಾನರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮೂರನೆಯ ಹೆಸರು ಬರೆಯುವಾಗ ಹುಡುಗ ನನ್ನ ಕೈ ಹಿಡಿದ. ಅದು ನಗರದ ಒಂದು ರಕ್ಷಣಾ ಕಾರ್ಖಾನೆಯ ಕನ್ನಡ ಸಂಘದ ಹೆಸರು.

“ಸಾರ್, ಇದು ಬೇಡ. ಆ ಕಾರ್ಖಾನೆ ಅವರ ಪಟ್ಟಿಯಲ್ಲಿದೆ.”

“ಕಾರ್ಖಾನೆಯಲ್ಲವಪ್ಪ, ಅದರ ಕನ್ನಡ ಸಂಘ.”

“ಹೆಸರಿನಲ್ಲಿ ಕಾರ್ಖಾನೆ ಇದೆಯಲ್ಲ ಸಾರ್.”

ಹುಡುಗ ಹೆದರಿದ್ದರಲ್ಲಿ ತಪ್ಪಿರಲಿಲ್ಲ. 1998ರ ಮೇ ತಿಂಗಳ ಪೋಖರಣ್ ಪರಮಾಣು ಪರೀಕ್ಷೆಯ ನಂತರ, ನವೆಂಬರಿನಲ್ಲಿ ಅಮೆರಿಕ ಪ್ರಕಟಿಸಿದ ರಫ್ತು ನಿರ್ಬಂಧಿತ ಸಂಸ್ಥೆಗಳ ಪಟ್ಟಿಯಲ್ಲಿ ಇಸ್ರೊ, ಎಚ್‌ಎಎಲ್, ಬಿಇಎಲ್ ಎಲ್ಲವೂ ಇದ್ದವು. ಅರ್ಧ ಬೆಂಗಳೂರು ಆ ಸಂಸ್ಥೆಗಳ ಸಂಬಳದಲ್ಲಿ ಊಟ ಮಾಡುತ್ತಿತ್ತು. ನಾನು ಎದ್ದು ಹೋಗಿ ಹಿಂದಿನ ವರ್ಷದ ಸ್ಮರಣ ಸಂಚಿಕೆ ತಂದು ಅವನ ಮುಂದಿಟ್ಟೆ. ಮೊದಲ ಪುಟದಲ್ಲಿ ಪ್ರಧಾನ ವ್ಯವಸ್ಥಾಪಕರ ಸಂದೇಶ. ಆಮೇಲೆ ಲೇತ್ ವಿಭಾಗದವರೊಬ್ಬರ ಚುಟುಕಗಳು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ನೌಕರರ ಮಕ್ಕಳ ಸ್ಟ್ಯಾಂಪ್ ಗಾತ್ರದ ಫೋಟೋಗಳು, ಕ್ಯಾಂಟೀನ್ ಗುತ್ತಿಗೆದಾರರ ಜಾಹೀರಾತು. ಹುಡುಗ ಪುಟ ತಿರುವಿ ನೋಡಿ ನಕ್ಕ. ಆದರೂ ಹೆಸರು ಬೇಡವೆಂದ. ಕೊನೆಗೆ ಹೊಸ ಫಾರಂ ತೆಗೆದು “ಕನ್ನಡ ಸಾಹಿತ್ಯ ಸಂಘಗಳು” ಎಂದು ಬರೆದೆವು.

ಹಬ್ಬ ಬಂತು, ಯಂತ್ರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಸಂಸ್ಥೆಯವರ ಉತ್ತರ “ಅಮೆರಿಕದ ಅನುಮತಿ ಬಾಕಿ ಇದೆ ಸಾರ್”. ಅದು ಪೂರ್ತಿ ನಿಜವೆಂದು ಈಗ ನನಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಜಿ4ಗೆ ಚಿಪ್ ಮಾಡಿಕೊಡುತ್ತಿದ್ದ ಮೊಟೊರೊಲಾ ಸಾಕಷ್ಟು ವೇಗದ ಚಿಪ್ ತಯಾರಿಸಲಾಗದೆ ಒದ್ದಾಡುತ್ತಿತ್ತು. ಅಕ್ಟೋಬರಿನಲ್ಲಿ ಆಪಲ್ ಬೆಲೆಯನ್ನು ಹಾಗೇ ಉಳಿಸಿ ಪ್ರತಿ ಮಾದರಿಯ ವೇಗವನ್ನು 50 ಮೆಗಾಹರ್ಟ್ಸ್ ಇಳಿಸಿತ್ತು. ಚಿಪ್ ಇಲ್ಲ ಎನ್ನುವುದಕ್ಕಿಂತ ಕ್ಷಿಪಣಿಯ ಭಯ ಎನ್ನುವುದು ಗ್ರಾಹಕರ ಬಾಯಿ ಮುಚ್ಚಿಸಲು ಹೆಚ್ಚು ಅನುಕೂಲ.

ಯಾರನ್ನು ತಡೆಯಬೇಕೆಂದು ಕಾನೂನು ಬಂದಿತ್ತೋ ಅವರು ಕಾಯುತ್ತಾ ಕುಳಿತಿರಲಿಲ್ಲ ಎಂಬುದು ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಎಂಬತ್ತರ ದಶಕದಲ್ಲಿ ಭಾರತ ಎರಡು ಪ್ರೊಸೆಸರ್‌ಗಳ ಕ್ರೇ ಸೂಪರ್ ಕಂಪ್ಯೂಟರ್ ಕೇಳಿದಾಗ ಅಮೆರಿಕ ಒಂದು ಪ್ರೊಸೆಸರ್‌ನದ್ದನ್ನು, ಹವಾಮಾನದ ಲೆಕ್ಕಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ ದೆಹಲಿಗೆ ಕೊಟ್ಟಿತು. ಇತ್ತ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ ವಿಜ್ಞಾನಿಗಳು 1986ರಲ್ಲೇ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿದ್ದರು. 1988ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಪುಣೆಯಲ್ಲಿ 1991ಕ್ಕೆ ಪರಮ್ 8000 ಸೂಪರ್ ಕಂಪ್ಯೂಟರ್ ಕಟ್ಟಿ ನಿಲ್ಲಿಸಿತು. ಸಾಮಾನ್ಯ ಚಿಪ್‌ಗಳನ್ನೇ ಸಾಲಾಗಿ ಜೋಡಿಸಿ ಕೆಲಸ ಹಂಚುವುದು ಅವರ ಉಪಾಯ. ಹತ್ತಾರು ಚಿಪ್ ಜೋಡಿಸಿ ಕೆಲಸ ಸಾಧಿಸುವವರಿಗೆ ನಮ್ಮ ಒಂದು ಜಿ4 ಏನು ಲೆಕ್ಕ?

ತಂತ್ರಾಂಶಕ್ಕೂ ಇದೇ ಕಾಟ. ಬ್ರೌಸಿಂಗ್ ಸೆಂಟರಿನಲ್ಲಿ ನಮಗೆ ಸಿಗುತ್ತಿದ್ದ ಬ್ರೌಸರ್‌ನ ಗುಪ್ತಲಿಪಿ 40 ಬಿಟ್‌ನದ್ದು. 128 ಬಿಟ್‌ನದ್ದು ಅಮೆರಿಕ, ಕೆನಡಾದವರಿಗೆ ಮೀಸಲು; ಬಿಟ್ ಹೆಚ್ಚಿದಷ್ಟೂ ಗುಪ್ತಲಿಪಿ ಒಡೆಯುವುದು ಕಷ್ಟ. ಫಿಲ್ ಝಿಮ್ಮರ್‌ಮನ್ ಎಂಬವರು 1991ರಲ್ಲಿ ಪಿಜಿಪಿ ಎಂಬ ಗುಪ್ತಲಿಪಿ ತಂತ್ರಾಂಶ ಬರೆದು ಬಿಟ್ಟಾಗ, ಅದು ಗಡಿ ದಾಟಿತೆಂದು ಆಯುಧ ರಫ್ತಿನ ತನಿಖೆಯೇ ನಡೆಯಿತು. 1996ರಲ್ಲಿ ಅದನ್ನು ಕೈಬಿಟ್ಟರು. ಈ ನಡುವೆ 1995ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಕಾಶನ ಇಡೀ ತಂತ್ರಾಂಶವನ್ನು ಪುಸ್ತಕವಾಗಿ ಅಚ್ಚು ಹಾಕಿತ್ತು. ಫ್ಲಾಪಿಯಲ್ಲಿ ಹೋದರೆ ಆಯುಧ, ಪುಸ್ತಕವಾಗಿ ಹೋದರೆ ವಾಕ್‌ಸ್ವಾತಂತ್ರ್ಯ! 1997ರಲ್ಲಿ ಮುಂದಿನ ಆವೃತ್ತಿಯನ್ನು ಹೀಗೆಯೇ ಅಚ್ಚು ಹಾಕಿ ಯುರೋಪಿಗೆ ಒಯ್ದು, ಪುಟಪುಟವನ್ನೂ ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶವಾಗಿಸಿದರು. ಸ್ಕ್ಯಾನಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಸಿಕ್ಕಿಬೀಳಲೆಂದು ಪ್ರತಿ ಸಾಲಿನ ಆರಂಭದಲ್ಲಿ ತಾಳೆ ನೋಡುವ ಸಂಕೇತವೊಂದನ್ನು ಅಚ್ಚು ಮಾಡಿದ್ದರಂತೆ. ಕರಡು ತಿದ್ದಿ ಕಣ್ಣು ಸವೆಸಿದ ನನಗೆ, ಅದನ್ನು ಓದಿದಾಗ ನಮ್ಮ ಕಸುಬಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ ಬಂತು.

2000ದ ಜನವರಿಯಲ್ಲಿ ಅಮೆರಿಕ ಗುಪ್ತಲಿಪಿಯ ನಿಯಮ ಸಡಿಲಿಸಿತು. ಕಂಪ್ಯೂಟರಿನ ಗೆರೆಯೂ 200 ಕೋಟಿಯಿಂದ 650 ಕೋಟಿಗೆ ಏರಿತು. ಪ್ರಪಂಚದಲ್ಲಿ ಕ್ಷಿಪಣಿಗಳೇನೂ ಕಡಿಮೆಯಾಗಿರಲಿಲ್ಲ. ಅಂಗಡಿಯ ಕಂಪ್ಯೂಟರುಗಳು ಹೇಗಿದ್ದರೂ ಆ ಗೆರೆಯನ್ನು ತುಳಿದುಕೊಂಡು ಹೋಗುತ್ತಿದ್ದವು. ಮಾರ್ಚಿನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಮಾರಾಟಕ್ಕೆ ಬಂದಾಗ ಅಲ್ಲಿನ ಸರ್ಕಾರವೂ, ಇದರ ಚಿತ್ರಶಕ್ತಿ ಕ್ಷಿಪಣಿಗೆ ದಾರಿ ತೋರಿಸೀತು ಎಂದು ಮಕ್ಕಳ ಆಟದ ಪೆಟ್ಟಿಗೆಗೆ ರಫ್ತಿನ ಪರವಾನಗಿ ಕಡ್ಡಾಯ ಮಾಡಿತು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಜಿ4 ಬಂತು. ಬೂದು ಬಣ್ಣದ ಪೆಟ್ಟಿಗೆ, ಮೇಲೆ ಪಾರದರ್ಶಕ ಹಿಡಿಕೆಗಳು. ಯಜಮಾನರು ಕುಂಕುಮ ಇಟ್ಟು ನಿಂಬೆಹಣ್ಣು ಒಡೆದರು. ಯಂತ್ರ ಎಲ್ಲಿದೆ, ಏನು ಮಾಡುತ್ತಿದೆ ಎಂದು ನೋಡಲು ಯಾರಾದರೂ ಬರಬಹುದೆಂದು ಹುಡುಗ ಎಚ್ಚರಿಸಿದ್ದರಿಂದ ಫಾರಂನ ಪ್ರತಿಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆವು. ಯಾರೂ ಬರಲಿಲ್ಲ. ಅಕ್ಟೋಬರಿನಲ್ಲಿ ಬಂದವರು ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿಗಳು. ಮುಖಪುಟಕ್ಕೆ ತಾಯಿ ಭುವನೇಶ್ವರಿಯ ಚಿತ್ರ ತಂದಿದ್ದರು, ಕಿರೀಟದ ಅಂಚು ಸ್ವಲ್ಪ ಮಸುಕಾಗಿತ್ತು. ಫಿಲ್ಟರ್ ಹಾಕಿದೆ. ಅವರಿಗೆ ಕಾಫಿ ತರಿಸುವ ಮೊದಲೇ ಕೆಲಸ ಮುಗಿದಿತ್ತು.