ಗ್ರೀನ್ಸ್ ಥಿಯರಮ್‌ನ ಗ್ರೀನ್ ಹಿಟ್ಟು ಬೀಸ್ತಿದ್ದ ಜಾಗ: ನಾಟಿಂಗ್‌ಹ್ಯಾಮ್ ಕಡೆ ಹೋಗೋರಿಗೆ

ಎಂಜಿನಿಯರಿಂಗ್ ಮ್ಯಾತ್ಸ್‌ನಲ್ಲಿ ಗ್ರೀನ್ಸ್ ಥಿಯರಮ್ ಬಾಯಿಪಾಠ ಹೊಡ್ದು ಪಾಸಾದ ಪೈಕಿ ನಾನು, ಆ ಗ್ರೀನ್ ಯಾರು ಎತ್ತ ಅಂತ ಒಂದಿನಾನೂ ಕೇಳಿರ್ಲಿಲ್ಲ. ತಂಗಿ ನಾಟಿಂಗ್‌ಹ್ಯಾಮ್‌ನಲ್ಲಿ ಓದ್ತಿದಾಳೆ, ನೋಡ್ಕೊಂಡು ಬರೋಣ ಅಂತ ಹೋದಾಗ ಅವಳೇ ಹೇಳಿದ್ದು, ನಿನ್ನ ಗ್ರೀನ್ ಇಲ್ಲೇ ಹಿಟ್ಟು ಬೀಸ್ತಿದ್ದ ಕಣೋ ಅಂತ. ತಮಾಷೆ ಮಾಡ್ತಿದಾಳೆ ಅಂದ್ಕೊಂಡೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಟ್ರೇನಲ್ಲಿ ಎರಡು ಗಂಟೆ ಒಳಗೇ ನಾಟಿಂಗ್‌ಹ್ಯಾಮ್ ಸಿಗುತ್ತೆ, ಸ್ಟೇಷನ್ನಿಂದ ಪೂರ್ವಕ್ಕೆ ಅರ್ಧ ಗಂಟೆ ಒಳಗೆ ನಡೆದ್ರೆ ಗ್ರೀನ್‌ನ ಗಾಳಿ ಗಿರಣಿ. ಜಾಗದ ಹೆಸರನ್ನ ಸ್ಪೆಲಿಂಗ್ ನೋಡಿ ಸ್ನೆಯಿಂಟನ್ ಅನ್ಬೇಡಿ, ಅಲ್ಲಿಯವರು ಸ್ನೆಂಟನ್ ಅಂತಾರೆ. ಕೊನೇಲಿ ಏರು ಇದೆ, ವಯಸ್ಸಾದವ್ರು ಜೊತೆಗಿದ್ರೆ ಬಸ್ಸೇ ವಾಸಿ. ನಮಗೆ ಟಿಕೆಟ್ ಇರ್ಲಿಲ್ಲ, ದೇಣಿಗೆ ಹಾಕಿದ್ವಿ. ವಾರದ ಎಲ್ಲಾ ದಿನ ತೆಗೆದಿರಲ್ಲ, ನೋಡ್ಕೊಂಡು ಹೊರಡಿ.

ಕಥೆ ಶುರುವಾಗೋದು ರೊಟ್ಟಿ ಗಲಾಟೆಯಿಂದ. 1800ರಲ್ಲಿ ಕಾಳು ಹಿಟ್ಟು ಸಿಕ್ಕಾಪಟ್ಟೆ ತುಟ್ಟಿಯಾಗಿ ಜನ ದಂಗೆ ಎದ್ರು, ಬೇಕರಿ ಇಟ್ಟಿದ್ದ ಗ್ರೀನ್ ಅಪ್ಪನ ಮೇಲೂ ಬಿದ್ರು. ಆಮೇಲೆ 1807ರಲ್ಲಿ ಅಪ್ಪ ಊರಾಚೆ ಗುಡ್ಡದ ಮೇಲೆ ಈ ಇಟ್ಟಿಗೆ ಗೋಪುರದ ಗಿರಣಿ ಕಟ್ಟಿಸಿದ. ಮಗ ಜಾರ್ಜ್ ಸ್ಕೂಲಿಗೆ ಹೋಗಿದ್ದು ಒಂದು ವರ್ಷದ ಚಿಲ್ರೆ ಅಷ್ಟೇ, ಮಿಕ್ಕಿದ್ದೆಲ್ಲ ಸ್ವಂತ ಓದು, ಗಿರಣಿಯ ಮೇಲಿನ ಮಹಡೀಲಿ ಕೂತು ಲೆಕ್ಕ ಮಾಡ್ತಿದ್ದ ಅಂತ ಪ್ರತೀತಿ. 1828ರಲ್ಲಿ ವಿದ್ಯುತ್ತು ಅಯಸ್ಕಾಂತದ ಮೇಲೆ ಒಂದು ಪ್ರಬಂಧ ತನ್ನ ದುಡ್ಡಲ್ಲೇ ಅಚ್ಚು ಹಾಕಿಸಿದ, ಕೊಂಡವರು ಐವತ್ತು ಚಿಲ್ರೆ ಜನ, ಅದ್ರಲ್ಲಿ ಎಷ್ಟು ಜನಕ್ಕೆ ತಲೆಗೆ ಹೋಯ್ತೋ ದೇವ್ರೇ ಬಲ್ಲ. ನಲವತ್ತಕ್ಕೆ ಕೇಂಬ್ರಿಡ್ಜ್ ಸೇರಿದ, 1841ರಲ್ಲಿ ತೀರಿಹೋದ. ಆ ಪ್ರಬಂಧದ ಬೆಲೆ ಗೊತ್ತಾಗಿದ್ದು ಆಮೇಲೆ, ವಿಜ್ಞಾನಿ ಕೆಲ್ವಿನ್ ಕೈಗೆ ಸಿಕ್ಕಾಗ.

ಉಗಿ ಗಿರಣಿಗಳು ಬಂದ್ಮೇಲೆ 1860ರ ದಶಕದಲ್ಲಿ ಇದರ ಬೀಸೋ ಕೆಲಸ ನಿಂತೇಹೋಯ್ತು. ಆಮೇಲೆ ಪಾಲಿಶ್ ತಯಾರಿಸೋರು ಇಟ್ಕೊಂಡಿದ್ರು, 1947ರಲ್ಲಿ ಬೆಂಕಿ ಬಿದ್ದು ಒಳಗಿದ್ದ ಮರ ಎಲ್ಲ ಸುಟ್ಟು ಬರೀ ಇಟ್ಟಿಗೆ ಕೊಳವೆ ಉಳೀತು. ಇಂಗ್ಲೆಂಡಲ್ಲಿ ಇಂಥ ಎಷ್ಟೋ ಗಿರಣಿಗಳು ಹಾಗೇ ಮಣ್ಣುಪಾಲಾಗಿವೆ. ಇದನ್ನ ಉಳಿಸಿದ್ದು ಗಾಳಿಯಲ್ಲ ಗಣಿತ ಅಂತ ನನ್ನ ಲೆಕ್ಕ: ಗ್ರೀನ್ ಹೆಸರಿಗೆ ಅಂತ ಫಂಡ್ ಎತ್ತಿದ್ರು, 1979ರಲ್ಲಿ ಸಿಟಿ ಕೌನ್ಸಿಲ್ ಕೈಗೆ ಬಂತು, ಗೋಪುರದ ತುದೀಲಿ ತಿರುಗೋ ಟೋಪಿ, ರೆಕ್ಕೆ, ಗಾಲಿ ಎಲ್ಲ ಹೊಸದಾಗಿ ಕೂರಿಸಿ 1986ರ ಹೊತ್ತಿಗೆ ಮತ್ತೆ ಹಿಟ್ಟು ಬೀಳೋಕೆ ಶುರು. ಹಾಗಾಗಿ ಒಳಗೆ ಮುಟ್ಟೋ ಮರ ಗ್ರೀನ್ ಕಾಲದ್ದಲ್ಲ, ಗೋಡೆ ಮಾತ್ರ ಅವನದು.

ಒಳಗೆ ಮೆಟ್ಟಿಲು ಅಂದ್ರೆ ಏಣಿ ಥರ, ಸೀರೆ ಉಟ್ಕೊಂಡು ಹೋಗೋದು ಕಷ್ಟ, ಬ್ಯಾಕ್‌ಪ್ಯಾಕ್ ಕೆಳಗೇ ಬಿಡಿ. ಕಲ್ಲಿನ ಮಹಡೀಲಿ ನಮ್ಮ ಬೀಸೋಕಲ್ಲೇ ದೈತ್ಯ ಸೈಜಲ್ಲಿ, ಕೆಳಗಿಂದು ಅಲ್ಲಾಡಲ್ಲ, ಮೇಲಿಂದು ತಿರುಗುತ್ತೆ, ನಡುವಿನ ತೂತಿಗೆ ಗೋಧಿ. ಕಾಳು ಸ್ವಲ್ಪ ಸ್ವಲ್ಪವೇ ಬೀಳ್ಲಿ ಅಂತ ಅಲುಗಾಡಿಸೋ ಕಬ್ಬಿಣದ ಸರಳಿಗೆ ಗಿರಣಿಯವರ ಭಾಷೇಲಿ ಡ್ಯಾಮ್ಸೆಲ್ ಅಂತ, ಅಂದ್ರೆ ಹುಡುಗಿ, ಒಂದೇ ಸಮ ಕಟಕಟ ಅಂತಿರುತ್ತಲ್ಲ ಅದಕ್ಕೆ. ಹೆಸರಿಟ್ಟವ್ರು ಗಂಡಸರೇ ಇರ್ಬೇಕು ಅಂದ್ಲು ತಂಗಿ. ಟೋಪಿ ಹಿಂದಿರೋ ಪುಟ್ಟ ಚಕ್ರ ನೋಡೋದು ಮರೀಬೇಡಿ, ಗಾಳಿ ದಿಕ್ಕು ಬದ್ಲಾದ್ರೆ ಅದು ತಿರುಗಿ ಇಡೀ ಟೋಪೀನ ಗಾಳಿಗೆ ಎದುರಾಗಿ ನಿಲ್ಲಿಸುತ್ತೆ, ಯಾರೂ ತಳ್ಳಬೇಕಾಗಿಲ್ಲ.

ನಾವು ಮಾಡಿದ ತಪ್ಪು ಏನಪ್ಪ ಅಂದ್ರೆ ಬಿಸಿಲಿದೆ ಅಂತ ಖುಷಿಯಾಗಿ ಹೊರಟಿದ್ದು, ಗಾಳಿ ಎಳ್ಳಷ್ಟೂ ಇಲ್ಲ, ರೆಕ್ಕೆ ಫೋಟೋಲಿದ್ದ ಹಾಗೆ ನಿಂತಿತ್ತು. ಇಂಗ್ಲೆಂಡಲ್ಲಿ ಬಿಸಿಲು ಹುಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಿ, ಇಲ್ಲಿಗೆ ಮಾತ್ರ ಜೋರು ಗಾಳಿ ಇರೋ ದಿನ ಹೋಗಿ. ಗ್ರೀನ್ ಸಮಾಧಿ ಹತ್ರದಲ್ಲೇ, ಸೇಂಟ್ ಸ್ಟೀಫನ್ ಚರ್ಚ್ ಅಂಗಳದಲ್ಲಿ, ಹತ್ತು ನಿಮಿಷ ಸಾಕು.

ಬರ್ತಾ ಅಂಗಡೀಲಿ ಅಲ್ಲೇ ಬೀಸಿದ ಹಿಟ್ಟು ತಗೊಳ್ಳಿ. ತಂಗಿ ರೂಮಲ್ಲಿ ಚಪಾತಿ ಮಾಡಿದ್ವಿ, ಮೊದಲನೆಯದು ಅಂಚೆಲ್ಲ ಒಡೆದು ಇಂಗ್ಲೆಂಡ್ ಮ್ಯಾಪ್ ಆಯ್ತು. ತವುಡು ಜಾಸ್ತಿ, ನೀರು ಜಾಸ್ತಿ ಕುಡಿಯುತ್ತೆ, ಅರ್ಧ ಗಂಟೆ ನೆನೆಯೋಕೆ ಬಿಟ್ರೆ ಚೆನ್ನಾಗಿ ಉಬ್ಬುತ್ತೆ.